ಮುಖ ಕಾಣದ ಕಿಂಡಿ

"ಪದ್ದು, ಗೋಡೆಗೆ ಮುತ್ತು ಕೊಟ್ಟಿದ್ದು ಸಾಕಾಯ್ತಾ? ಫೀಕಾ ಟೈಮ್ ಆಯ್ತು. ನಂಗೆ ಕಾಫಿ ಬೇಕು."

ಗಂಡ ರಾಮದಾಸ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ನಿಂತು ಗೊಣಗುತ್ತಿದ್ದ. ಪದ್ಮಿನಿ ಹಸಿರು ಟೈಲ್ಸಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಗೋಡೆಯ ಉದ್ದಕ್ಕೂ ಓರೆಯಾಗಿ ನೋಡುತ್ತಿದ್ದಳು.

ಹಳೆಯ ಗೋಡೆಯನ್ನು ಎದುರಿಗೆ ನಿಂತು ನೋಡಿದರೆ ಅದು ಪೌಡರ್ ಹಚ್ಚಿಕೊಂಡು ನಗುತ್ತದೆ, ಪಕ್ಕದಿಂದ ನೋಡಿದರೆ ಮಾತ್ರ ಉಬ್ಬುತಗ್ಗು ಒಪ್ಪಿಕೊಳ್ಳುತ್ತದೆ ಎಂದು ಅವಳು ಹೇಳುವುದುಂಟು. ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಹಳೆಯ ಕಟ್ಟಡಗಳ ಬಿರುಕು, ತೇವ ಪರೀಕ್ಷಿಸುವುದು ಅವಳ ಉದ್ಯೋಗ. ಪತ್ತೇದಾರಿಕೆ ಆಮೇಲೆ ಅಂಟಿಕೊಂಡ ಚಟ. ಬಿರುಕು ಹುಡುಕುವ ಕಣ್ಣಿಗೆ ಗೋಡೆಯಾದರೇನು, ಮನುಷ್ಯರಾದರೇನು!

ಭಾನುವಾರ, ಈ ಕಟ್ಟಡದ ಪಬ್ಬು ನಡೆಸುವ ರೇಮಂಡ್ ಮತ್ತು ಅವನ ಹೆಂಡತಿ ರೋಸಿ ದೂರದ ಸೊಲ್ಲೆಂಟುನಾಕ್ಕೆ ನೆಂಟಳು ಜೆಸಿಕಾಳ ಮಗುವಿನ ಜ್ಞಾನಸ್ನಾನಕ್ಕೆ ಹೋಗಿದ್ದಾಗ, ಬೀಗ ಹಾಕಿದ್ದ ಅವರ ಪಬ್ಬಿನೊಳಗಿಂದ ಹಳೆಯ ಗಾಜಿನ ಸಾಲು ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ, ಕಿಟಕಿ ಒಡೆದಿರಲಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ ಪಾರಂಪರಿಕ ಕಟ್ಟಡಗಳ ತಪಾಸಣಾಧಿಕಾರಿ ಬರುವವರಿದ್ದರು. ಒಳಾಂಗಣವನ್ನು ಇದ್ದ ಹಾಗೇ ಕಾಪಾಡಿದರೆ ಮಾತ್ರ ಪಬ್ಬು ರೇಮಂಡನದು ಎಂಬುದು ಮನೆಯ ಸಂಘದ, ಅಂದರೆ ಕಟ್ಟಡದ ನಿವಾಸಿಗಳ ಸಂಘದ, ಕರಾರು. ಗಾಜಿಲ್ಲ ಎಂದರೆ ಪಬ್ಬೂ ಇಲ್ಲ. ಸಂಘದವರು ಆ ಜಾಗದಲ್ಲಿ ಜಿಮ್ ಮಾಡಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದರು. ಸಾಲದ್ದಕ್ಕೆ, ಬೀಗದ ಕೈ ಇರುವುದು ರೇಮಂಡನ ಹತ್ತಿರವೇ ಆದ್ದರಿಂದ ಅವನೇ ಮಾರಿಕೊಂಡಿದ್ದಾನೆ ಎಂಬ ಗುಸುಗುಸು ಬೇರೆ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಪದ್ಮಿನಿಗೆ ಇದು ಬರೀ ಕೇಸ್ ಆಗಿರಲಿಲ್ಲ. ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಮಾತಾಡಲು ಜನವಿಲ್ಲದೆ ಕಂಗಾಲಾಗಿದ್ದಾಗ, ರೋಸಿ ಅವಳನ್ನು ಇದೇ ಪಬ್ಬಿನ ಮೂಲೆಯಲ್ಲಿ ಕೂರಿಸಿ ಬಿಸಿ ಗಂಜಿ ಕೊಟ್ಟಿದ್ದಳು. ಆ ಋಣ ಅವಳಿಗೆ ನೆನಪಿತ್ತು.

ಕಟ್ಟಡಕ್ಕೆ ಊರವರು ಇಟ್ಟ ಹೆಸರು ಸ್ಕಾಟ್ ಮನೆ. ನೂರಿಪ್ಪತ್ತು ವರ್ಷದ ಹಿಂದೆ ಡಂಕನ್ ಎಂಬ ಸ್ಕಾಟ್ಲೆಂಡಿನವನು ಇಲ್ಲಿ ಲೋಹ ಉಜ್ಜುವ ಅರ ತಯಾರಿಸುವ ಕಾರ್ಖಾನೆ ತೆರೆದಾಗ, ತನ್ನ ಕೆಲಸಗಾರರಿಗೆ ಊರ ನೆನಪು ಕಾಡಬಾರದೆಂದು ಅವರ ಊರಿನ ಮನೆಯನ್ನೇ ಇಲ್ಲಿ ಕಟ್ಟಿಸಿದ. ಹಡಗಿನಲ್ಲಿ ಬಂದ ಕೆಂಪು ಮರಳುಗಲ್ಲು, ನಾಲ್ಕು ಅಂತಸ್ತು, ಬೀದಿಯತ್ತ ಹೊಟ್ಟೆ ಮುಂದೆ ಮಾಡಿ ನಿಂತ ಕಿಟಕಿಗಳು. ಎಲ್ಲ ಮನೆಗಳಿಗೂ ಸೇರಿ ಒಂದೇ ಮೆಟ್ಟಿಲು, ಅದರ ಗೋಡೆಗೆ ಭುಜದೆತ್ತರ ಹಸಿರು ಟೈಲ್ಸು, ನೆತ್ತಿಯಲ್ಲಿ ಬೆಳಕಿಳಿಸುವ ಗಾಜಿನ ಗುಮ್ಮಟ. ಕೆಳಗೆ, ಮೂಲೆಯನ್ನು ಕತ್ತರಿಸಿ ಇಟ್ಟ ಬಾಗಿಲಿನ ಪಬ್ಬು. ಸುತ್ತಲಿನ ಹಳದಿ ಸ್ವೀಡಿಷ್ ಕಟ್ಟಡಗಳ ನಡುವೆ ಅದು ಕೆಂಪಗೆ ಎದ್ದು ಕಾಣುತ್ತಿತ್ತು.

ಕಳೆದುಹೋದ ಗಾಜೂ ಡಂಕನ್ ತರಿಸಿದ್ದಂತೆ. ಕೌಂಟರಿನ ಮೇಲೆ, ಕುಡಿಯುವವನ ಮುಖದ ಮಟ್ಟಕ್ಕೆ, ಮರದ ಚೌಕಟ್ಟಿನಲ್ಲಿ ತಿರುಗುವ ಪುಟ್ಟ ಪುಟ್ಟ ಗಾಜಿನ ಬಾಗಿಲುಗಳು. ಮುಚ್ಚಿದರೆ ಮಸುಕು ಗಾಜಿನ ಮೇಲಿನ ಮುಳ್ಳುಹೂವಿನ ಚಿತ್ತಾರ ಮಾತ್ರ ಕಾಣುತ್ತದೆ. ಗಿರಾಕಿಯ ಕೈ ಕೌಂಟರಿಗೆ ತಲುಪಬೇಕು, ಮುಖ ಮಾತ್ರ ಆಚೆಯವರಿಗೆ ಕಾಣಬಾರದು. ಮರ್ಯಾದಸ್ಥರ ಮರ್ಯಾದೆ ಉಳಿಸಲು ಮಾಡಿದ ಏರ್ಪಾಡು.

"ಮರ್ಯಾದೆಗೆ ಗಾಜು ಹಾಕಿಸಿದವನು ಗೋಡೆಗೂ ಏನಾದರೂ ಮಾಡಿಸಿರಲೇಬೇಕು ರೀ," ಎಂದಳು ಪದ್ಮಿನಿ. "ಟಾರ್ಚ್ ಸ್ವಲ್ಪ ಎಡಕ್ಕೆ."

"ಅಲ್ಲೇನೂ ಇಲ್ಲ. ಬಲಕ್ಕೆ ನೋಡು, ಅಲ್ಲೊಂದು ಬಿರುಕಿದೆ. ಅಥವಾ ಕಾಫಿ ಕುಡ್ಕೊಂಡು ನೋಡೋಣ. ಚೀಲದಲ್ಲಿ ಏನು ತಂದಿದ್ದೀ?"

"ಚಕ್ಕುಲಿ, ಅವಲಕ್ಕಿ. ಎರಡೇ ಡಬ್ಬಿ. ಕ್ಯಾರಿಯರಿನ ನಡುವಿನದ್ದು ನೀವು ಭಾನುವಾರ ಬಂಗುಡೆ ಗಸಿ ತಗೊಂಡ್ಹೋಗಿ ಫ್ಯಾಕ್ಟರೀಲೇ ಬಿಟ್ಟು ಬಂದ್ರಲ್ಲ."

"ಹೂಂ ಹೂಂ, ನಾಳೆ ತರ್ತೀನಿ," ಎಂದು ರಾಮದಾಸ ಟಾರ್ಚನ್ನು ಬಲಕ್ಕೇ ತಿರುಗಿಸಿದ. ಮೂವತ್ತು ವರ್ಷದಿಂದ ಮಣ್ಣು ಅಗೆಯುವ ಯಂತ್ರಗಳ ಜೊತೆ ಇರುವ ಎಂಜಿನಿಯರು. ಹೆಂಡತಿಯ ಕೇಸುಗಳಲ್ಲಿ ಅವನ ಪಾತ್ರ ಟಾರ್ಚ್ ಹಿಡಿಯುವುದು, ತಿಂಡಿ ಮುಗಿಸುವುದು. ಇವತ್ತು ಎರಡರಲ್ಲೂ ಅವನಿಗೆ ಯಾಕೋ ಉತ್ಸಾಹ ಕಡಿಮೆಯಿತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದು, ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಗುನಿಲ್ಲಾ ಬಂದರು. ಮೇಲಿನ ಅಂತಸ್ತಿನ ಎಂಬತ್ತು ದಾಟಿದ ಅಜ್ಜಿ. ಹಿತ್ತಲಿನ ತ್ವೆತ್‌ಸ್ತೂಗದಲ್ಲಿ, ಅಂದರೆ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಾರು ನೆಲ ಒರೆಸಲಿಲ್ಲ, ಯಾರು ಡ್ರೈಯರಿನ ಜಾಲರಿಯಲ್ಲಿ ನೂಲು ಬಿಟ್ಟರು ಎಂದು ನಿಗಾ ಇಡುವುದು ಅವರ ಜೀವನಧರ್ಮ. ಪ್ರತಿ ಮನೆಗೂ ನಂಬರಿನ ಪುಟ್ಟ ಬೀಗವೊಂದಿರುತ್ತದೆ. ಅದನ್ನು ಹಲಗೆಯ ಮೇಲೆ ನಿಮಗೆ ಬೇಕಾದ ಹೊತ್ತಿಗೆ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ಈ ದೇಶದಲ್ಲಿ ಸರ್ಕಾರ ಬಿದ್ದರೆ ಜನ ಸಹಿಸಿಯಾರು, ಒಗೆಯುವ ಸರದಿ ತಪ್ಪಿದರೆ ಸಹಿಸುವುದಿಲ್ಲ.

"ಪದ್ಮಿನಿ, ನಿಮ್ಮ ಜನರನ್ನ ಹೊಗಳಬೇಕು ಅಂತಿದ್ದೆ," ಎಂದರು ಅಜ್ಜಿ ಸ್ವೀಡಿಷಿನಲ್ಲಿ.

ಗುನಿಲ್ಲಾ ಹೊಗಳುವುದೆಂದರೆ! ಪದ್ಮಿನಿ ಗೋಡೆಯಿಂದ ಕೆನ್ನೆ ತೆಗೆದಳು. "ಯಾರನ್ನ?"

"ಬಾಲಚಂದ್ರ ಅವರನ್ನ. ಭಾನುವಾರ ಅವರಾದ ಮೇಲೆ ನನ್ನ ಸರದಿ. ಜಾಲರಿಯಲ್ಲಿ ಒಂದೆಳೆ ನೂಲಿಲ್ಲ, ನೆಲದಲ್ಲಿ ಒಂದು ಹನಿ ನೀರಿಲ್ಲ. ಮೆಷೀನನ್ನೂ ಒರೆಸಿ ತಣ್ಣಗೆ ಇಟ್ಟಿರ್ತಾರೆ. ಇಡೀ ಚಳಿಗಾಲ ಪ್ರತಿ ಭಾನುವಾರ ಹೀಗೇ. ಅವರಂಥ ಅಧ್ಯಕ್ಷರು ಸಿಕ್ಕಿದ್ದು ನಮ್ಮ ಪುಣ್ಯ."

"ತಣ್ಣಗೆ?"

"ಮಂಜಿನ ಹಾಗೆ," ಎಂದು ಅಜ್ಜಿ ಸಂತೋಷದಿಂದ ಮೆಟ್ಟಿಲು ಹತ್ತಿದರು.

ಪದ್ಮಿನಿ ಗಂಡನ ಮುಖ ನೋಡಿದಳು. "ಕೇಳಿಸ್ತಾ? ಕೋಣೆಯ ಕಿಟಕಿ ಇರೋದು ಪಬ್ಬಿನ ಹಿಂಬಾಗಿಲ ಎದುರಿಗೆ. ಭಾನುವಾರ ಮಧ್ಯಾಹ್ನ ಪೂರ್ತಿ ಅಲ್ಲೇ ಬಟ್ಟೆ ಒಗೀತಿದ್ದೆ, ರೇಮಂಡ್ ಬಿಟ್ಟು ಇನ್ಯಾರಾದ್ರೂ ಬಂದಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು ಅಂತ ಸಂಘದ ಮುಂದೆ ಹೇಳಿದ್ದು ಯಾರು?"

"ಬಾಲಚಂದ್ರ."

"ಬಟ್ಟೆ ಒಗೆದ ಮೆಷೀನು ತಣ್ಣಗಿರತ್ತಾ? ಎಷ್ಟೇ ಜಾಣ ಒರೆಸಿದ್ರೂ ಒಂದೆಳೆ ನೂಲು ಉಳಿಯುತ್ತೆ. ಆ ಮಹಾರಾಯರು ಬೀಗ ಸಿಕ್ಕಿಸಿದಾರೆ, ಬಟ್ಟೆ ಒಗೆದಿಲ್ಲ. ಸರದಿ ಹಿಡಿದು ಒಗೆಯದೆ ಇರೋ ಮನುಷ್ಯ ಇದ್ದಾನೆ ಅಂತ ಈ ಮನೇಲಿ ಯಾರೂ ಕನಸಲ್ಲೂ ಯೋಚಿಸಲ್ಲ. ಅದಕ್ಕೇ ಯಾರೂ ಮರುಮಾತಾಡಿಲ್ಲ."

ರಾಮದಾಸ ತಲೆದೂಗಿದ. "ಹಾಗಾದ್ರೆ ಇದು ಬಾಲಚಂದ್ರನ ಕೆಲಸ. ಮುಗೀತಲ್ಲ. ನಡಿ, ಕಾಫಿ."

ಮುಗಿದಿರಲಿಲ್ಲ. ತಲೆದೂಗುವಾಗ ಅವನ ಟಾರ್ಚೂ ತೂಗಿತ್ತು, ಆ ಓಲಾಟದ ಬೆಳಕಿನಲ್ಲಿ ಎಡಗಡೆಯ ಟೈಲ್ಸುಗಳ ನಡುವೆ ಒಂದು ಚೌಕ ಪದ್ಮಿನಿಯ ಕಣ್ಣಿಗೆ ಬಿತ್ತು. ಉಳಿದೆಡೆ ಟೈಲ್ಸುಗಳ ಸಂದಿಗೆ ಸುಣ್ಣದ ಗಾರೆ ತುಂಬಿದೆ. ಆ ಚೌಕದ ಸುತ್ತ ಮಾತ್ರ ಗಾರೆಯಿಲ್ಲ, ಕೂದಲೆಳೆಯ ಸಂದಿಯಿದೆ. ಕೆಳಗಿನ ಅಂಚಿನ ಒಂದು ಟೈಲು, ಬೆರಳು ತಾಕಿ ತಾಕಿ ಪಳಪಳ ಹೊಳೆಯುತ್ತಿತ್ತು.

ಅವಳು ಅಲ್ಲೇ ಬೆರಳೂರಿ ಒತ್ತಿದಳು. ಚೌಕ ಒಂದಿಷ್ಟೂ ಕಿರುಗುಟ್ಟದೆ ಒಳಕ್ಕೆ ತೆರೆದುಕೊಂಡಿತು. ಒಂದು ತಲೆಯೂ ತೂರದಷ್ಟು ಪುಟ್ಟ ಕಿಂಡಿ. ಒಳಗೆ ಕತ್ತಲು. ಆ ಕತ್ತಲೊಳಗಿಂದ ಸಣ್ಣಗೆ, ಆದರೆ ಯಾವ ಸಂಶಯಕ್ಕೂ ಎಡೆಯಿಲ್ಲದಂತೆ, ಮೀನಿನ ವಾಸನೆ.

"ಕಂಡಿರಾ!" ಪದ್ಮಿನಿ ಕುಣಿಯುವುದೊಂದು ಬಾಕಿ. "ಆಗಿನ ಕಾಲದಲ್ಲಿ ಮನೆಯವರು ಜಗ್ಗು ಕೊಟ್ಟು ಬಿಯರ್ ತರಿಸ್ಕೊಳ್ತಿದ್ದ ಕಿಂಡಿ ಇದು! ಪಬ್ಬಿಗೆ ಕಾಲಿಡದೆ, ಯಾರ ಕಣ್ಣಿಗೂ ಬೀಳದೆ, ಮೆಟ್ಟಿಲಿಂದಲೇ."

"ನಮ್ಮೂರ ಕಡೆ ಕಿಂಡಿಯಿಂದ ದೇವರ ದರ್ಶನ ಮಾಡಿದ್ದು ಗೊತ್ತು," ಎಂದ ರಾಮದಾಸ, ಟಾರ್ಚನ್ನು ಕಿಂಡಿಯಿಂದ ಆಚೆ ತಿರುಗಿಸುತ್ತ. "ಬಿಯರ್ ದರ್ಶನ ಇದೇ ಮೊದಲು."

ಕಿಂಡಿಯ ಆ ಬದಿ ನೋಡಲು ಅವರು ಹಿತ್ತಲ ಕಡೆಯಿಂದ ಪಬ್ಬಿನ ಉಗ್ರಾಣಕ್ಕೆ ಹೋದರು. ಅದು ಹಿಂದೆ ಪಬ್ಬಿನವನ ಅಡುಗೆಮನೆ. ಅಡುಗೆಯ ಬಿಸಿ ವ್ಯರ್ಥವಾಗಬಾರದೆಂದು ಸ್ಕಾಟರು ಅಲ್ಲೇ ಗೋಡೆಯೊಳಗೆ ಒಂದು ಮಂಚ ಹಿಡಿಯುವಷ್ಟು ಗೂಡು ಮಾಡಿ ಮಲಗುತ್ತಿದ್ದರಂತೆ. ಈಗ ಆ ಗೂಡಿನಲ್ಲಿ ರೋಸಿಯ ಕುಚ್ಚಲಕ್ಕಿ ಮೂಟೆಗಳು ಮಲಗಿದ್ದವು.

ಒಳಗೆ ಕಾಲಿಟ್ಟಾಗ ಕಣ್ಣು ಕಾಣಲಿಲ್ಲ. ರಾಮದಾಸ ಮೂಟೆಯ ಹಿಂದೆ ಕೈ ಚಾಚಿ ದೀಪ ಹಾಕಿದ. ಸ್ವಿಚ್ಚು ಅಲ್ಲಿರುತ್ತದೆ ಎಂದು ಪದ್ಮಿನಿಗೆ ಹೊಳೆದೇ ಇರಲಿಲ್ಲ. ಪರವಾಗಿಲ್ಲ, ಎಂಜಿನಿಯರ್ ಬುದ್ಧಿ ಚುರುಕಾಗಿದೆ ಎಂದುಕೊಂಡಳು.

ಗೂಡಿನ ಹಿಂಗೋಡೆಯಲ್ಲಿ ಕಿಂಡಿಯ ಪುಟ್ಟ ಬಾಗಿಲು ಅಣಕಿಸುವಂತೆ ತೆರೆದು ನಿಂತಿತ್ತು. ಕೀಲುಗಳಿಗೆ ಹೊಸ ಎಣ್ಣೆ ಬಿಟ್ಟಿದ್ದರು. ಮೂಸಿ ನೋಡಿದಳು. ತೆಂಗಿನೆಣ್ಣೆ.

"ಅಕ್ಕಾ!" ಬಾಗಿಲಲ್ಲಿ ರೋಸಿ. ಹಿಂದೆ ರೇಮಂಡ್. ಕಿಂಡಿ ತೆರೆದಿದ್ದನ್ನು ಕಂಡ ರೋಸಿ ಕೆಂಪಾದಳು. ರೇಮಂಡ್ ಮಾತ್ರ ಬಾಯಿ ತೆರೆದು ನಿಂತ.

"ಇದೆಂತ ಮಾರಾಯ್ರೆ? ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ನಂಗೇ ಗೊತ್ತಿಲ್ಲ!"

"ನಿಮ್ಮ ಹೆಂಡತಿಗೆ ಗೊತ್ತಿದೆ," ಎಂದಳು ಪದ್ಮಿನಿ.

ರೋಸಿ ಏಪ್ರನ್ನಿನ ಅಂಚು ತಿರುಚಿದಳು. "ಅಕ್ಕಾ, ಗಾಜಿಗೂ ಇದಕ್ಕೂ ಸಂಬಂಧ ಇಲ್ಲ. ದೇವರಾಣೆ. ಆದ್ರೆ ನಾನು ಮಾತು ಕೊಟ್ಟಿದ್ದೀನಿ, ನನ್ನ ಬಾಯಿಂದ ಕೇಳ್ಬೇಡಿ."

"ಬೇಡ. ಯಾರಿಗೆ ಮಾತು ಕೊಟ್ಟಿದ್ದೀಯೋ ಅವರ ಬಾಯಿಂದಲೇ ಕೇಳೋಣ. ಅಧ್ಯಕ್ಷರನ್ನ ಕರೀರಿ ರೇಮಂಡ್."

ಎಲ್ಲರೂ ಪಬ್ಬಿನ ಕೌಂಟರಿನ ಬಳಿ ಸೇರುವಷ್ಟರಲ್ಲಿ ಬಾಲಚಂದ್ರ ಬಂದರು. ಇಸ್ತ್ರಿ ಅಂಗಿ, ಹಣೆಗೆ ಸಣ್ಣ ಗಂಧದ ಬೊಟ್ಟು, ಕೈಯಲ್ಲೊಂದು ಬಟ್ಟೆಚೀಲ. ಮೂರನೇ ಅಂತಸ್ತಿನ ನಿವಾಸಿ, ಮನೆಯ ಸಂಘದ ಅಧ್ಯಕ್ಷ, ಕನ್ನಡ ಕೂಟದಲ್ಲಿ ಪ್ರತಿ ಯುಗಾದಿಗೆ ಸಾತ್ವಿಕ ಆಹಾರದ ಮೇಲೆ ಭಾಷಣ ಮಾಡುವವರು. ಈರುಳ್ಳಿ ಹಾಕಿದ ಉಪ್ಪಿಟ್ಟನ್ನೂ ಪಕ್ಕಕ್ಕೆ ಸರಿಸುವ ಮನುಷ್ಯ. ಗಾಜಿಲ್ಲದ ಖಾಲಿ ಚೌಕಟ್ಟಿನ ಎದುರು, ಎತ್ತರದ ಸ್ಟೂಲಿನ ಮೇಲೆ ಕೂತರು.

"ಇನ್ನು ಅರ್ಧ ಗಂಟೆಗೆ ತಪಾಸಣೆಯವರು ಬರ್ತಾರೆ. ನಂಗೂ ಬೇಜಾರಿದೆ ರೇಮಂಡ್. ಆದ್ರೆ ರೂಲ್ಸು ರೂಲ್ಸೇ ಅಲ್ವಾ?"

"ಸರ್," ಎಂದಳು ಪದ್ಮಿನಿ ನಯವಾಗಿ. "ಭಾನುವಾರ ಯಾವ ಬಟ್ಟೆ ಒಗೆದ್ರಿ?"

"ಹಾಂ? ಬಿಳೀದು."

"ನೀರಿಲ್ಲದೆ ಒಗೆದ್ರಾ? ಮೆಷೀನು ತಣ್ಣಗಿತ್ತಂತೆ, ನೆಲ ಒಣಗಿತ್ತಂತೆ. ಚಳಿಗಾಲ ಪೂರ್ತಿ ಹೀಗೇ ಅಂತೆ. ಗುನಿಲ್ಲಾ ನಿಮ್ಮನ್ನ ತುಂಬಾ ಹೊಗಳಿದ್ರು."

ಬಾಲಚಂದ್ರರ ಮುಖದ ಬಣ್ಣ ಇಳಿಯಿತು. ಗುನಿಲ್ಲಾರ ಬೈಗುಳಕ್ಕೆ ಹೆದರಿ ಇಡೀ ಕಟ್ಟಡ ಜಾಲರಿ ಉಜ್ಜುತ್ತದೆ. ಅವರ ಹೊಗಳಿಕೆಗೆ ಸಿಕ್ಕಿಬಿದ್ದವರು ಇವರೊಬ್ಬರೇ.

"ನಿಮಗೆ ಇಲ್ಲಿ ಜಿಮ್ ಬೇಕು. ಹಿಂಬಾಗಿಲ ಮೇಲೆ ಕಣ್ಣಿಟ್ಟಿದ್ದೆ ಅಂದ್ರಿ, ಆದ್ರೆ ನೀವು ಆ ಕೋಣೆಯಲ್ಲೇ ಇರಲಿಲ್ಲ. ನಿಮ್ಮ ಮಾತಿನ ಮೇಲೆ ಒಬ್ಬ ಮನುಷ್ಯನ ಹೊಟ್ಟೆಪಾಡು ಹೋಗ್ತಾ ಇದೆ ಸರ್." ಪದ್ಮಿನಿಯ ದನಿಯಲ್ಲೀಗ ನಯವಿರಲಿಲ್ಲ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎಲ್ಲಿದ್ರಿ?"

"ನಾನು ಗಾಜು ಮುಟ್ಟಿಲ್ಲ!"

"ಎಲ್ಲಿದ್ರಿ?"

ಅವರು ರೋಸಿಯತ್ತ ನೋಡಿದರು. ರೋಸಿ ಛಾವಣಿಯತ್ತ ನೋಡಿದಳು.

"ಮೆಟ್ಟಿಲ ಹತ್ರ," ಎಂದರು ಬಾಲಚಂದ್ರ, ಪಾತಾಳದಿಂದ ಬಂದಂಥ ದನಿಯಲ್ಲಿ. "ಕಿಂಡಿ ಮುಂದೆ."

"ಯಾಕೆ?"

"ಬಂಗುಡೆಗೆ."

ರೇಮಂಡ್ ನಕ್ಕ ನಗುವಿಗೆ ಕಪಾಟಿನ ಗ್ಲಾಸುಗಳು ಕಿಣಿಕಿಣಿ ಎಂದವು. "ಸಾತ್ವಿಕ ಬಂಗುಡೆಯಾ ಸರ್? ಈರುಳ್ಳಿ ಹಾಕದ್ದಾ?"

"ನಗಬೇಡ ಮಾರಾಯ. ಒಂದು ಸಲ ನಿಮ್ಮ ಶುಕ್ರವಾರದ ಊಟದ ದಿನ ತಪ್ಪಿ ಬಾಯಿಗೆ ಹೋಯ್ತು. ಅಲ್ಲಿಗೆ ನಾನು ಕೆಟ್ಟೆ. ಮನೆಯವಳಿಗೆ ಗೊತ್ತಾದ್ರೆ ನನ್ನನ್ನ ಮೆಷೀನಿಗೆ ಹಾಕಿ ತಿರುಗಿಸ್ತಾಳೆ. ಅದಕ್ಕೇ ಭಾನುವಾರ ಬುಟ್ಟಿ ಹಿಡ್ಕೊಂಡು ಇಳೀತೀನಿ. ಮೂರು ಸಲ ತಟ್ಟಿದ್ರೆ ಕಿಂಡಿ ತೆರೆಯುತ್ತೆ, ಕೈ ಬರುತ್ತೆ, ಊಟ ಬರುತ್ತೆ. ಮುಖ ಯಾರೂ ನೋಡಲ್ಲ. ಇಗರ್ಜಿ ಪ್ರಾರ್ಥನೆಯಿಂದ ಬಂದ ಮೇಲೆ ರೋಸಿ ಪಾಪ, ಒಂದು ವಾರವೂ ತಪ್ಪಿಸಿಲ್ಲ. ತಣ್ಣಗಿನ ಮೆಷೀನಿನ ಮೇಲೆ ಕೂತು ತಿಂದು, ಕೈ ತೊಳ್ಕೊಂಡು, ತಂದ ಬಟ್ಟೆ ಹಾಗೇ ಮಡಚಿ ಮೇಲೆ ಹೋಗ್ತೀನಿ."

ಪದ್ಮಿನಿಯ ಸಿಟ್ಟು ನಗುವಾಗಿ ಕರಗಿಹೋಯಿತು. ಡಂಕನ್ ಮಹಾಶಯ ಮರ್ಯಾದಸ್ಥರಿಗೆಂದು ಮಾಡಿಸಿದ ಕಿಂಡಿ ನೂರಿಪ್ಪತ್ತು ವರ್ಷ ಕಳೆದರೂ ಅದೇ ಉದ್ಯೋಗದಲ್ಲಿತ್ತು.

ಆದರೆ ನಗುತ್ತಿದ್ದವರಲ್ಲಿ ರೋಸಿ ಇರಲಿಲ್ಲ. ಅವಳು ಕೌಂಟರಿಗೆ ಕೈಯೂರಿ ನಿಂತಿದ್ದಳು.

"ಸರ್, ಮೊನ್ನೆ ಭಾನುವಾರನೂ ಬಂದಿದ್ರಾ?"

"ಮತ್ತೆ? ಅದನ್ನೇ ಹೇಳಿದ್ನಲ್ಲ. ತಟ್ಟಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕಿಂಡಿ ತೆರೀತು, ನೀನು ಕೊಟ್ಟೆ."

"ನಾನು ಸೊಲ್ಲೆಂಟುನಾದಲ್ಲಿದ್ದೆ."

ರೇಮಂಡನ ನಗು ಅರ್ಧಕ್ಕೇ ನಿಂತಿತು. "ಹೌದು. ಬೆಳಿಗ್ಗೆ ಟ್ರೈನ್ ಹಿಡಿದವರು ರಾತ್ರಿ ಬಂದದ್ದು. ಇಲ್ಲಿ ಬೀಗ."

"ಆದ್ರೆ ಊಟ ಬಂತು ಕಣ್ರಿ!" ಬಾಲಚಂದ್ರ ತಬ್ಬಿಬ್ಬಾದರು. "ಯಾರೋ ಕೊಟ್ರು. ನೀನೇ ಅಂದ್ಕೊಂಡೆ. ಕತ್ತಲಲ್ಲಿ ಕೈ ಸರಿಯಾಗಿ ಕಾಣ್ಲಿಲ್ಲ."

ಹಾಗಾದರೆ ಬೀಗ ಹಾಕಿದ ಪಬ್ಬಿನೊಳಗೆ ಆ ಹೊತ್ತಿಗೆ ಒಬ್ಬರಿದ್ದರು. ಗಾಜು ಬಿಚ್ಚುತ್ತಿದ್ದವರು. ಕಿಂಡಿ ತಟ್ಟಿದ ಸದ್ದು ಕೇಳಿ ಬೆಚ್ಚಿಬಿದ್ದವರು, ಸುಮ್ಮನಿದ್ದರೆ ಬಾಗಿಲಿಗೇ ಬಂದಾರು ಎಂದು ಹೆದರಿ, ಕೈಗೆ ಸಿಕ್ಕ ಊಟ ಕೊಟ್ಟು ಸಾಗಹಾಕಿದವರು. ಪದ್ಮಿನಿಯ ಬೆನ್ನು ನೆಟ್ಟಗಾಯಿತು. ಇದೇ ಅವಳು ಕಾಯುತ್ತಿದ್ದ ಬಿರುಕು.

"ಸರ್, ರುಚಿ ನೆನಪು ಮಾಡ್ಕೊಳ್ಳಿ. ರೋಸಿ ಮಾಡೋ ಹಾಗೇ ಇತ್ತಾ?"

ಬಾಲಚಂದ್ರ ಕಣ್ಣು ಮುಚ್ಚಿದರು. ಈ ವಿಷಯದಲ್ಲಿ ಅವರ ಸಾಕ್ಷ್ಯವನ್ನು ಯಾವ ಕೋರ್ಟೂ ತಳ್ಳಿಹಾಕುವಂತಿರಲಿಲ್ಲ. "ಇಲ್ಲ. ರೋಸೀದು ಕೆಂಪಗೆ, ವಿನೆಗರ್ ಹುಳಿ. ಇದು ಕಾಯಿ ಅರೆದ ಗಸಿ. ನಡುವೆ ಕಪ್ಪಗೆ ಕಾಳುಮೆಣಸಿನ ಹಾಗೆ ಏನೋ ಸಿಕ್ತು. ಕಡಿದೆ, ನಾಲಿಗೆ ಜುಮ್ ಅಂತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ."

"ತೆಪ್ಪಳ," ಎಂದಳು ರೋಸಿ. "ನಾನು ಹಾಕೋದೇ ಇಲ್ಲ. ಅದು ಕುಮಟಾ ಕಡೆಯವರ..." ಅವಳ ಕಣ್ಣು ಪದ್ಮಿನಿಯತ್ತ ತಿರುಗಿತು.

ಈ ಊರಿನಲ್ಲಿ ಬಂಗುಡೆಗೆ ತೆಪ್ಪಳ ಹಾಕುವ ಕುಮಟಾದವಳು ಪದ್ಮಿನಿಯೊಬ್ಬಳೇ. ಶನಿವಾರ ರಾತ್ರಿ ಗಸಿ ಮಾಡಿದ್ದೂ ಅವಳೇ.

"ತಟ್ಟೆಯಲ್ಲಿ ಕೊಟ್ರಾ?" ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

"ಇಲ್ಲ, ಡಬ್ಬಿ. ಯಾವಾಗ್ಲೂ ಐಸ್‌ಕ್ರೀಮ್ ಡಬ್ಬದಲ್ಲಿ ಕೊಡ್ತಾಳೆ, ಈ ಸಲ ಒಳ್ಳೇ ಸ್ಟೀಲು. ವಾಪಸ್ ಕೊಡೋಣ ಅಂತ ತೊಳೆದು ತಂದಿದ್ದೀನಿ."

ಬಟ್ಟೆಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟರು. ಪದ್ಮಿನಿ ಅದನ್ನು ಕೈಗೆತ್ತಿಕೊಂಡು ಮಗುಚಿದಳು. ತಳದಲ್ಲಿ, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು. ಮದುವೆಯಲ್ಲಿ ಕೊಡುವ ಪ್ರತಿ ಪಾತ್ರೆಗೂ ಮಗಳ ಹೆಸರು ಹಾಕಿಸಲೇಬೇಕೆಂದು ಅಮ್ಮ ಅಂಗಡಿಯಲ್ಲಿ ಹಟ ಹಿಡಿದು ನಿಂತಿದ್ದು ಅವಳಿಗೆ ನೆನಪಿತ್ತು.

ಪದ್ಮಿನಿ ಕಾಮತ್, ಕುಮಟಾ.

ಎಡಕ್ಕೆ ಹೋಗಲೊಲ್ಲದ ಟಾರ್ಚು, ಮೂಟೆಯ ಹಿಂದಿನ ಸ್ವಿಚ್ಚು, ಬೆಳಗಿನಿಂದ ಬೇಕು ಬೇಕೆಂದ ಕಾಫಿ. ಅವಳು ನಿಧಾನವಾಗಿ ತಿರುಗಿದಳು. ರಾಮದಾಸ ಬಾಗಿಲಿಗೆ ಒರಗಿ ನಿಂತಿದ್ದ. ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು, ಆರಿಸಲು ಮರೆತಿದ್ದ.

"ರೀ. ಫ್ಯಾಕ್ಟರೀಲಿ ಬಿಟ್ಟು ಬಂದೆ ಅಂದ್ರಲ್ಲ."

ಯಾವತ್ತೂ ಹೆಂಡತಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳದ ಮನುಷ್ಯ. ಇವತ್ತು ಪ್ರಯತ್ನವನ್ನೂ ಮಾಡಲಿಲ್ಲ.

"ಗಾಜು ಒಂದೂ ಒಡೆದಿಲ್ಲ ಪದ್ದು. ಎಲ್ಲಿದೆ ಅಂತ ನಂಗೊತ್ತು," ಎಂದ. "ಆದ್ರೆ ಅದನ್ನ ಈಗ ತಂದಿಟ್ರೆ, ಆ ತಪಾಸಣೆಯವರು ಅದರ ಮೇಲೆ ಒಂದು ಸಲ ಕಣ್ಣು ಹಾಯಿಸಿದ್ರೆ ಸಾಕು, ಅದು ಡಂಕನ್ ತರಿಸಿದ್ದಲ್ಲ, ನಕಲಿ ಅಂತ ಗೊತ್ತಾಗಿ ರೇಮಂಡ್ ಪಬ್ಬು ಇವತ್ತೇ ಹೋಗುತ್ತೆ."

ಮೂಲೆಯ ಬಾಗಿಲನ್ನು ಯಾರೋ ಹೊರಗಿನಿಂದ ಮೆತ್ತಗೆ ತಟ್ಟಿದರು. ತಪಾಸಣಾಧಿಕಾರಿ ಹೊತ್ತಿಗೆ ಮುಂಚೆಯೇ ಬಂದಿದ್ದರು.